ರೂಟರ್‌ಗಳ ಬಫರ್ ಸ್ಮೃತಿ ಮತ್ತು ಅದರ ಕಾರ್ಯಕ್ಷಮತೆಯ ಮಾಪನ

ಹಾಸನದಿಂದ ಸಕಲೇಶಪುರವನ್ನು ದಾಟಿ ಪಶ್ಚಿಮಕ್ಕೆ ಸಾಗುವ 75ನೆಯ ರಾಷ್ಟ್ರೀಯ ಹೆದ್ದಾರಿಯು ಮಾರನಹಳ್ಳಿಯ ಬಳಿ ಶಿರಾಡಿ ಘಟ್ಟವನ್ನು ಪ್ರವೇಶಿಸುತ್ತದೆ. ಹಾಸನದ ಕಡೆಯ ಚತುಷ್ಪಥ ಯೋಜನೆಯ ಪಶ್ಚಿಮದ ತುದಿಯೂ ಇದೇ. ಅಗಲವಾದ ರಸ್ತೆಯಲ್ಲಿ ಬಂದ ವಾಹನಗಳು ಇಕ್ಕಟ್ಟಾದ ಘಟ್ಟದ ಬಾಯಲ್ಲಿ ಸಾಲುಗಟ್ಟಿದರೆ, ಪ್ರಯಾಣದ ಅವಧಿಯನ್ನು ನಿರ್ಧರಿಸುವುದು ಹಿಂದಿನ ರಸ್ತೆಯ ಅಗಲವಲ್ಲ, ಆ ಸಾಲಿನಲ್ಲಿ ಕಾಯುವ ಹೊತ್ತು. ಗಣಕಜಾಲದಲ್ಲಿಯೂ ವೇಗದ ಸಂಪರ್ಕವೊಂದು ಮಂದ ಸಂಪರ್ಕವನ್ನು ಕೂಡುವಲ್ಲಿ ಇದೇ ಸ್ಥಿತಿಯುಂಟಾಗುತ್ತದೆ. ಅಲ್ಲಿರುವ ರೂಟರ್‌ನಲ್ಲಿ ದತ್ತಾಂಶದ ಪ್ಯಾಕೆಟ್‌ಗಳು ಸರದಿಗಾಗಿ ಕಾಯುವ ಸ್ಮೃತಿಭಾಗವೇ ಬಫರ್.

ಬಫರ್ ಇಲ್ಲದಿದ್ದರೆ ಏಕಕಾಲಕ್ಕೆ ಬಂದ ಪ್ಯಾಕೆಟ್‌ಗಳು ನಷ್ಟವಾಗುತ್ತವೆ. ಅದರ ಗಾತ್ರವು ಸಂಪರ್ಕದ ವೇಗ ಹಾಗೂ ಪ್ಯಾಕೆಟ್ ಹೋಗಿ ಉತ್ತರ ಬರುವ ಅವಧಿ, ಇವೆರಡರ ಗುಣಲಬ್ಧದಷ್ಟಿರಬೇಕೆಂಬುದು 1990ರ ದಶಕದಿಂದ ರೂಢಿಯಲ್ಲಿದ್ದ ಸೂತ್ರ. ಅನೇಕ ಹರಿವುಗಳು ಒಟ್ಟಿಗೆ ಸಾಗುವ ಸಂಪರ್ಕದಲ್ಲಿ ಈ ಗುಣಲಬ್ಧವನ್ನು ಹರಿವುಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದಷ್ಟು ಸ್ಮೃತಿಯೇ ಸಾಕೆಂದು 2004ರಲ್ಲಿ ಅಪ್ಪೆನ್‌ಜೆಲ್ಲರ್, ಕೆಸ್ಲಾಸಿ ಮತ್ತು ಮೆಕ್‌ಕ್ಯೂನ್ ತೋರಿಸಿಕೊಟ್ಟರು.

ರೂಢಿಯ ಮೇಲ್ವಿಚಾರಣೆಯು ಎಣಿಕೆಯನ್ನು ಆಧರಿಸಿದೆ. ಸಿಸ್ಕೊ ರೂಟರ್‌ಗಳು ಬಫರ್‌ಗಳನ್ನು 104, 600, 1536 ಬೈಟ್ ಮೊದಲಾದ ಗಾತ್ರಗಳ ಗುಂಪುಗಳಾಗಿ ಇರಿಸಿ, ಬೇಡಿಕೆ ಪೂರೈಸಿದ, ಖಾಲಿ ಬಫರ್ ದೊರೆಯದ ಮತ್ತು ಆ ಕಾರಣ ಪ್ಯಾಕೆಟ್ ಕಳೆದುಕೊಂಡ ಸಂದರ್ಭಗಳನ್ನು ಪ್ರತ್ಯೇಕವಾಗಿ ಎಣಿಸುತ್ತವೆ. ದೂರದ ನಿರ್ವಹಣಾ ಕೇಂದ್ರವು ಎಸ್‌ಎನ್‌ಎಂಪಿ ನಿಯಮಾವಳಿಯ ಮೂಲಕ ತ್ಯಜಿಸಲಾದ ಪ್ಯಾಕೆಟ್‌ಗಳ ಸಂಖ್ಯೆಯನ್ನು, ಸಾಮಾನ್ಯವಾಗಿ ಐದು ನಿಮಿಷಗಳಿಗೊಮ್ಮೆ, ಓದಿಕೊಳ್ಳುತ್ತದೆ. ಸ್ಮೃತಿಯ ಕೊರತೆಯನ್ನು ಈ ಅಂಕಿಗಳು ಸ್ಪಷ್ಟವಾಗಿ ತೋರಿಸುತ್ತವೆ. ಸ್ಮೃತಿಯ ಅತಿರೇಕವನ್ನು ತೋರಿಸಲಾರವು.

ಉದಾಹರಣೆಗೆ, ತಲಾ 1500 ಬೈಟ್‌ಗಳ 256 ಪ್ಯಾಕೆಟ್ ಹಿಡಿಸುವ ಬಫರ್ ತುಂಬಿದಾಗ ಅದರಲ್ಲಿ 30,72,000 ಬಿಟ್‌ಗಳಿರುತ್ತವೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಅದು ಬರಿದಾಗಲು ಸುಮಾರು 31 ಮಿಲಿಸೆಕೆಂಡು ಸಾಕು. ಸಂಪರ್ಕವು 2 ಮೆಗಾಬಿಟ್‌ನದಾದರೆ ಒಂದೂವರೆ ಸೆಕೆಂಡಿಗೂ ಹೆಚ್ಚು ಬೇಕು. ದೂರವಾಣಿ ಸಂಭಾಷಣೆಗೆ ಏಕಮುಖ ವಿಳಂಬವು 150 ಮಿಲಿಸೆಕೆಂಡುಗಳೊಳಗಿರುವುದು ಉಚಿತವೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. ಒಂದು ಪ್ಯಾಕೆಟ್ಟೂ ನಷ್ಟವಾಗದಿದ್ದರೂ ಇಂತಹ ಸಂಪರ್ಕದಲ್ಲಿ ಮಾತುಕತೆ ಅಸಾಧ್ಯವಾಗುತ್ತದೆ. ಟಿಸಿಪಿ ನಿಯಮಾವಳಿಯು ಸಾಮಾನ್ಯವಾಗಿ ಪ್ಯಾಕೆಟ್ ನಷ್ಟವನ್ನೇ ವೇಗ ತಗ್ಗಿಸುವ ಸೂಚನೆಯೆಂದು ಗ್ರಹಿಸುವುದರಿಂದ, ಬಫರ್ ದೊಡ್ಡದಾದಷ್ಟೂ ಆ ಸೂಚನೆ ತಡವಾಗಿ ತಲಪಿ ಸರದಿ ಬೆಳೆಯುತ್ತಲೇ ಹೋಗುತ್ತದೆ. ಜಿಮ್ ಗೆಟ್ಟಿಸ್ ಈ ದೋಷವನ್ನು ‘ಬಫರ್‌ಬ್ಲೋಟ್’ ಎಂಬ ಹೆಸರಿನಿಂದ 2010ರ ಸುಮಾರಿಗೆ ವಿದ್ವಾಂಸರ ಗಮನಕ್ಕೆ ತಂದರು.

ಆದುದರಿಂದ ಅಳೆಯಬೇಕಾದುದು ಸರದಿಯ ಉದ್ದವನ್ನಲ್ಲ, ಅದರಲ್ಲಿ ಕಳೆದ ಕಾಲವನ್ನು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದ ಕೋಡೆಲ್ ವಿಧಾನದಲ್ಲಿ ಪ್ರತಿ ಪ್ಯಾಕೆಟ್‌ಗೆ ಬಫರ್ ಸೇರುವಾಗ ಕಾಲಮುದ್ರೆ ಹಾಕಿ, ಹೊರಡುವಾಗ ವ್ಯತ್ಯಾಸವನ್ನು ಲೆಕ್ಕ ಹಾಕಲಾಗುತ್ತದೆ. ಅಲ್ಪಕಾಲದ ಒತ್ತಡದಿಂದ ಬೆಳೆದ ಸರದಿಯು ಬೇಗನೆ ಕರಗುತ್ತದೆ. ಕರಗದೆ ನಿಂತ ಸರದಿಯೇ ರೋಗದ ಲಕ್ಷಣ. ಇವೆರಡನ್ನು ಸರಾಸರಿಯು ಬೇರ್ಪಡಿಸದು, ಕನಿಷ್ಠ ವಿಳಂಬವು ಬೇರ್ಪಡಿಸುತ್ತದೆ. ವಿಳಂಬವು 100 ಮಿಲಿಸೆಕೆಂಡುಗಳ ಅವಧಿಯುದ್ದಕ್ಕೂ 5 ಮಿಲಿಸೆಕೆಂಡುಗಳಿಗಿಂತ ಕೆಳಗಿಳಿಯದಿದ್ದರೆ ಕೋಡೆಲ್ ಪ್ಯಾಕೆಟ್‌ಗಳನ್ನು ತ್ಯಜಿಸತೊಡಗುತ್ತದೆ. ವಿಳಂಬವನ್ನೇ ಆಧರಿಸಿದ ಪೈ ಎಂಬ ಇನ್ನೊಂದು ವಿಧಾನವು 2013ರಲ್ಲಿ ಬಂದಿತು.

ಈ ಸಂಶೋಧನೆಯಲ್ಲಿ ಕರ್ನಾಟಕದ ಪಾಲೂ ಇದೆ. ಮಾರನಹಳ್ಳಿಯಿಂದ ಘಟ್ಟವಿಳಿದು ಮಂಗಳೂರನ್ನು ಸೇರಿದರೆ, ಅದರ ಉತ್ತರಕ್ಕೆ ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಿದೆ. ಅಲ್ಲಿನ ಮೋಹಿತ್ ಪಿ. ತಹಿಲಿಯಾನಿ ಮತ್ತು ಅವರ ವಿದ್ಯಾರ್ಥಿಗಳು ಸಿದ್ಧಪಡಿಸಿದ ಎಫ್‌ಕ್ಯೂ-ಪೈ ತಂತ್ರಾಂಶವು 2020ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ 5.6ರಲ್ಲಿ ಸೇರ್ಪಡೆಗೊಂಡಿತು. ಇದು ಹರಿವುಗಳನ್ನು ಬೇರೆ ಬೇರೆ ಸರದಿಗಳಲ್ಲಿ ನಿಲ್ಲಿಸಿ ಪ್ರತಿಯೊಂದರ ವಿಳಂಬವನ್ನು ನಿಯಂತ್ರಿಸುವುದರಿಂದ, ಒಬ್ಬರ ದೊಡ್ಡ ಕಡತದ ವರ್ಗಾವಣೆಯು ಇನ್ನೊಬ್ಬರ ಸಂಭಾಷಣೆಯನ್ನು ತಡೆಹಿಡಿಯುವುದು ತಪ್ಪುತ್ತದೆ.

ಮಲೆನಾಡಿನ ಊರುಗಳಂತೆ, ಹಲವು ಮನೆಗಳು, ಶಾಲೆ ಹಾಗೂ ಕಚೇರಿಗಳು ಒಂದೇ ಮಂದ ಸಂಪರ್ಕವನ್ನು ಹಂಚಿಕೊಳ್ಳಬೇಕಾದ ಕಡೆಗಳಲ್ಲಿ ಈ ಭೇದವು ವಿಶೇಷವಾಗಿ ಗಣನೀಯ. ಪ್ಯಾಕೆಟ್ ನಷ್ಟದ ಅಂಕಿಗಳನ್ನಷ್ಟೇ ದಾಖಲಿಸುವ ಮೇಲ್ವಿಚಾರಣೆಯು ಅಂತಹ ಸಂಪರ್ಕವನ್ನು ಸುಸ್ಥಿತಿಯಲ್ಲಿದೆಯೆಂದು ವರದಿ ಮಾಡಬಹುದು. ಬಫರ್‌ನ ಕನಿಷ್ಠ ವಿಳಂಬವನ್ನೂ ಅದರ ಜೊತೆಗೆ ದಾಖಲಿಸಿದಾಗ ಮಾತ್ರ ಬಳಕೆದಾರರ ದೂರಿಗೆ ವರದಿಯಲ್ಲಿ ಆಧಾರ ದೊರೆಯುತ್ತದೆ.