ಗಿಡಾ ಕೊಯ್ಯೂ ದಂಧೆ: ಮಷೀನ್ ಹೆಂಗ ಕಾಯಬೇಕು?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಮನಿ ಮ್ಯಾಲೆ ಬಾಗಿದ ಬೇವಿನ ಟೊಂಗಿ ಇಳಸಾಕ ಈಗ ಕೊಡ್ಲಿಗಿಂತ ಮೊದಲ ಚೈನ್ ಸಾ ಬರತೈತಿ. ಈ ದಂಧೆಕ್ಕ ಇಳಿಯೂ ಹುಡುಗರು ಇದನ್ನ ಕೇಳ್ರಿ.

ಕೊಯ್ಯೂವಾಗ ಉದುರೂ ಹೊಟ್ಟು ನೋಡ್ರಿ. ದಪ್ಪ ಚಕ್ಕಿ ಬಂದ್ರ ಚೈನ್ ಹರಿತ ಐತಿ. ಹಿಟ್ಟಿನಂಗ ಪುಡಿ ಬಂದ್ರ ಹಲ್ಲು ಮೊಂಡಾಗ್ಯಾವು. ಆಗ ಮಷೀನ್ ಒತ್ತಬ್ಯಾಡ್ರಿ. ಬಂದ್ ಮಾಡಿ, ದುಂಡ ಅರ ತಗೊಂಡು, ಎಲ್ಲಾ ಹಲ್ಲಿಗೂ ಒಂದೇ ಕೋನದಾಗ ಅಷ್ಟಷ್ಟೇ ಸಲ ತಿಕ್ಕ್ರಿ. ಹೆಚ್ಚುಕಮ್ಮಿ ಆದ್ರ ಕೊಯ್ತ ಒಂದ ಮಗ್ಗಲಕ ಎಳೀತೈತಿ. ಪೆಟ್ರೋಲ್ ತುಂಬಿದಾಗೆಲ್ಲಾ ಚೈನ್ ಎಣ್ಣಿನೂ ತುಂಬ್ರಿ. ಏರ್ ಫಿಲ್ಟರ್ ದಿನಾ ಝಾಡಿಸ್ರಿ.

ಟೂ ಸ್ಟ್ರೋಕ್ ಇಂಜಿನ್‌ಗೆ ಬರೇ ಪೆಟ್ರೋಲ್ ಹಾಕಿದ್ರ ಪಿಸ್ಟನ್ ಹಿಡೀತೈತಿ. ಕಂಪನಿ 50ಕ್ಕ 1 ಅಂದಿದ್ರ, 1 ಲೀಟರಿಗೆ 20 ಎಂಎಲ್ ಟೂಟಿ ಆಯಿಲ್, ಅಳದ ಹಾಕ್ರಿ. ಈಗಿನ ಪೆಟ್ರೋಲಿನಾಗ ಎಥನಾಲ್ ಐತಿ, ನಮ್ಮ ಕಬ್ಬಿನಿಂದ ಆಗೂದ ಅದು. ಅದು ತೇವ ಎಳಕೋತೈತಿ. ಕೆಲಸ ನಿಂತ್ರ ಟ್ಯಾಂಕ್ ಖಾಲಿ ಮಾಡಿ ಇಡ್ರಿ.

ಇನ್ನ ಕಾಗದ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಐತಿ. ನೀಲಗಿರಿ, ತೆಂಗಿನಂಥ ಕೆಲವಕ್ಕ ವಿನಾಯಿತಿ, ಉಳಿದದ್ದಕ್ಕ ಅರಣ್ಯ ಇಲಾಖೆ ಪರವಾನಗಿ ಬೇಕ. ಮಾಲಕರ ಕಡೆ ಕಾಗದ ನೋಡಿನ ಕೈ ಹಚ್ಚರಿ.

ಟೊಂಗಿ ಕರೆಂಟ್ ತಂತಿಗೆ ಹತ್ತಿದ್ರ, ಗೋಕಾಕ, ಮೂಡಲಗಿಯಾಗ ಹೆಸ್ಕಾಂ ಆಫೀಸಿಗೆ ಹೇಳ್ರಿ. ಹುಕ್ಕೇರಿಯಾಗ ಕರೆಂಟ್ ಕೊಡೂದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ಅಲ್ಲಿಗೇ ಹೋಗ್ರಿ. ಲೈನ್ ಬಂದ್ ಆಗೈತಿ ಅಂತ ಲೈನ್‌ಮನ್ ಹೇಳೂ ಮಟ ಯಾರೂ ಗಿಡಾ ಏರಬ್ಯಾಡ್ರಿ.