ಕರೆ ಹುಟ್ಟಿದಲ್ಲೇ ಹೊಣೆ

ಮುಂಬಯಿಯಲ್ಲಿ 9821ರಿಂದ ಶುರುವಾಗುವ ಮೊಬೈಲ್ ನಂಬರುಗಳು ಇಂದಿಗೂ ಬಳಕೆಯಲ್ಲಿವೆ. 1995ರಲ್ಲಿ ನಗರಕ್ಕೆ ಮೊಬೈಲ್ ಸೇವೆ ಬಂದ ಕಾಲದಲ್ಲಿ ಬಿಪಿಎಲ್ ಮೊಬೈಲ್ ಕಂಪನಿಯ ಪಾಲಿಗೆ ಬಂದ ಸರಣಿ ಅದು. ಮುಂದೆ ಆ ಕಂಪನಿ ಲೂಪ್ ಮೊಬೈಲ್ ಎಂಬ ಹೆಸರು ತಳೆಯಿತು. 2014ರ ನವೆಂಬರ್ ಕೊನೆಗೆ ಅದರ ಪರವಾನಗಿಯ ಅವಧಿ ಮುಗಿದು ಸೇವೆ ನಿಂತಿತು. ನಂಬರು ಕೊಟ್ಟ ಜಾಲವೇ ಇಲ್ಲವಾದರೂ, ಅಷ್ಟರಲ್ಲಿ ಪೋರ್ಟ್ ಮಾಡಿಸಿಕೊಂಡವರ, ಅಂದರೆ ಅದೇ ನಂಬರಿನೊಂದಿಗೆ ಬೇರೆ ಕಂಪನಿಗೆ ಹೋದವರ, ನಂಬರು ಉಳಿಯಿತು. ಅದಕ್ಕೆ ಬರುವ ಕರೆಗಳೂ ತಪ್ಪಲಿಲ್ಲ.

ಅದು ಸಾಧ್ಯವಾದದ್ದು ಕಂಪನಿಗಳ ನಡುವಿನ ಒಂದು ಷರತ್ತಿನಿಂದ: ಕರೆ ಯಾರ ಜಾಲದಲ್ಲಿ ಹುಟ್ಟಿತೋ, ಅದು ಎಲ್ಲಿಗೆ ಹೋಗಬೇಕೆಂದು ಹುಡುಕುವ ಹೊಣೆಯೂ ಅವರದೇ.

ಪೋರ್ಟ್ ಆದ ನಂಬರಿಗೆ ಕರೆ ತಲುಪಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಅಂಚೆಯ ಹೋಲಿಕೆಯಲ್ಲಿ ಹೇಳುವುದಾದರೆ, ಮನೆ ಬದಲಿಸಿದವರಿಗೆ ಬಂದ ಕಾಗದವನ್ನು ಹಳೆಯ ಬೀದಿಯ ಅಂಚೆಯಣ್ಣ ಹೊಸ ವಿಳಾಸ ಬರೆದು ಕಳಿಸಿಕೊಡುವುದು ಒಂದು. ಬರೆಯುವವರೇ ಮೊದಲು ಹೊಸ ವಿಳಾಸ ವಿಚಾರಿಸಿ ನೇರವಾಗಿ ಕಳಿಸುವುದು ಇನ್ನೊಂದು. ಬ್ರಿಟನ್ ಬಹುಕಾಲ ಮೊದಲನೆಯ ದಾರಿಯಲ್ಲೇ ನಡೆಯಿತು. ಅದನ್ನು ಶುರುಮಾಡುವುದು ಸುಲಭ, ಆದರೆ ಪ್ರತಿ ಕರೆಯೂ ಹಳೆಯ ಕಂಪನಿಯನ್ನು ಹಾದೇ ಹೋಗಬೇಕು; ಆ ಕಂಪನಿ ಮುಚ್ಚಿದರೆ ದಾರಿಯೂ ಮುಚ್ಚುತ್ತದೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2009ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಎರಡನೆಯದನ್ನು ಆರಿಸಿತು. ಇದಕ್ಕೆ 'ಆಲ್ ಕಾಲ್ ಕ್ವೆರಿ' ಎನ್ನುತ್ತಾರೆ: ಪ್ರತಿ ಕರೆಗೂ ಮೊದಲು ವಿಚಾರಣೆ, ಆಮೇಲೆ ಪಯಣ. ಹೆಚ್ಚು ಖರ್ಚು, ಹೆಚ್ಚು ಶ್ರಮ. ನನ್ನ ಮಟ್ಟಿಗೆ ಇಡೀ ಏರ್ಪಾಡಿನಲ್ಲಿ ಅತ್ಯಂತ ದೂರದೃಷ್ಟಿಯ ನಿರ್ಧಾರ ಇದೇ.

ಪೋರ್ಟಿಂಗ್ ಸೇವೆ ಮೊದಲು ಆರಂಭವಾದದ್ದು 2010ರ ನವೆಂಬರ್ 25ರಂದು ಹರಿಯಾಣದ ರೋಹ್ತಕ್‌ನಲ್ಲಿ. ದೇಶದ ಉಳಿದೆಡೆಗೆ ಅದು 2011ರ ಜನವರಿ 20ರಂದು ಬಂತು. ಗ್ರಾಹಕರು ಕಾಣುವುದು ಸ್ವಲ್ಪವೇ: 1900ಕ್ಕೆ ಒಂದು ಸಂದೇಶ, ಮರಳಿ ಬರುವ ಎಂಟು ಅಕ್ಷರ-ಅಂಕೆಗಳ ಪೋರ್ಟಿಂಗ್ ಕೋಡ್, ಹೊಸ ಸಿಮ್. ತೆರೆಯ ಹಿಂದೆ ಕೆಲಸ ಮಾಡುವುದು ಯಾವ ಮೊಬೈಲ್ ಕಂಪನಿಗೂ ಸೇರದ ಮಧ್ಯಸ್ಥ ಕೇಂದ್ರ. ದೇಶವನ್ನು ಇದಕ್ಕಾಗಿ ಎರಡು ವಲಯಗಳಾಗಿ ಹಂಚಲಾಗಿದೆ. ಮುಂಬಯಿ ಒಂದನೆಯದರಲ್ಲಿದೆ, ಕರ್ನಾಟಕ ಎರಡನೆಯದರಲ್ಲಿ. ಕೋರಿಕೆ ಸರಿಯಿದೆಯೆಂದು ಖಚಿತವಾದ ಮೇಲೆ ಕೇಂದ್ರದ ಸೂಚನೆಯಂತೆ ಹಳೆಯ ಕಂಪನಿ ಸಂಪರ್ಕ ಕಡಿಯುತ್ತದೆ, ಹೊಸ ಕಂಪನಿ ಚಾಲೂ ಮಾಡುತ್ತದೆ. ಆ ಬಳಿಕ ಕೇಂದ್ರವು ಎಲ್ಲ ಕಂಪನಿಗಳಿಗೂ ಏಕಕಾಲಕ್ಕೆ ಸಾರುತ್ತದೆ: ಈ ನಂಬರು ಇನ್ನು ಇಂಥ ಎಲ್‌ಆರ್‌ಎನ್ ಅಡಿಯಲ್ಲಿದೆ ಎಂದು.

ಎಲ್‌ಆರ್‌ಎನ್ ಎಂದರೆ ಲೊಕೇಶನ್ ರೂಟಿಂಗ್ ನಂಬರ್. ಯಾವ ಕಂಪನಿ, ಯಾವ ಸರ್ಕಲ್ (ಅಂದರೆ ದೂರಸಂಪರ್ಕ ಸೇವಾ ಪ್ರದೇಶ) ಎಂಬುದನ್ನು ನಾಲ್ಕೇ ಅಂಕೆಗಳಲ್ಲಿ ಹೇಳುವ ದಾರಿಗುರುತು. ಬೊರಿವಲಿಯಿಂದ ಒಬ್ಬರು ಮುಲುಂಡಿನಲ್ಲಿರುವ ಗೆಳೆಯರ ಪೋರ್ಟ್ ಆದ ನಂಬರಿಗೆ ಕರೆ ಮಾಡಿದರು ಎನ್ನಿ. ಬೊರಿವಲಿಯವರ ಕಂಪನಿಯ ಸ್ವಿಚ್ಚು ಆ ಹತ್ತು ಅಂಕೆಗಳನ್ನು ಹಿಡಿದು ಪೋರ್ಟ್ ಆದ ನಂಬರುಗಳ ದತ್ತಾಂಶ ಕೋಶದಲ್ಲಿ ವಿಚಾರಿಸುತ್ತದೆ. ಈ ವಿಚಾರಣೆಗೆ ಕಸುಬಿನವರ ಮಾತಿನಲ್ಲಿ 'ಡಿಪ್' ಎಂದು ಹೆಸರು. ದೊಡ್ಡ ಕಂಪನಿಗಳು ಕೋಶದ ಪ್ರತಿಯನ್ನು ತಮ್ಮಲ್ಲೇ ಇಟ್ಟುಕೊಂಡು ಡಿಪ್ ಮಾಡುತ್ತವೆ; ಇನ್ನೊಬ್ಬರ ಕೋಶ ಬಳಸುವವರು ಡಿಪ್ಪಿಂಗ್ ಶುಲ್ಕ ತೆರಬೇಕು. ಉತ್ತರವಾಗಿ ಬಂದ ಎಲ್‌ಆರ್‌ಎನ್ ನಂಬರಿನ ಮುಂದೆ ಸೇರಿ ಹದಿನಾಲ್ಕು ಅಂಕೆಗಳಾಗುತ್ತವೆ. ಹಾಗೆ ಗುರುತು ಹೊತ್ತ ಕರೆ ಎರಡು ಜಾಲಗಳು ಕೂಡುವ ಅಂತರಸಂಪರ್ಕ ಬಿಂದುವನ್ನು, ಅಂದರೆ 'ಪಿಒಐ'ಯನ್ನು ದಾಟುತ್ತದೆ. ಆಚೆಯ ಕಂಪನಿ ತನ್ನ ಎಲ್‌ಆರ್‌ಎನ್ ಗುರುತಿಸಿ, ಅದನ್ನು ಕಳಚಿ, ಮುಲುಂಡಿನ ಫೋನನ್ನು ಬಾರಿಸುತ್ತದೆ. ಇಷ್ಟೂ ಮುಗಿಯುವುದು ಕರೆ ಮಾಡಿದವರ ಕಿವಿಗೆ ಮೊದಲ ರಿಂಗ್ ಬೀಳುವ ಮುನ್ನ.

ಅಂತರಸಂಪರ್ಕ ಒಪ್ಪಂದ ಬರೆಯುವವರ ಜಾಣ್ಮೆ ಕಾಣುವುದು ಈ ದಾಟುವ ಜಾಗದಲ್ಲಿ. ವಿಚಾರಿಸದೆ ಕಳಿಸಿದ ಕರೆ ಯಾರ ತಪ್ಪು? ಎಲ್‌ಆರ್‌ಎನ್ ಹೊತ್ತ ಕರೆಯನ್ನು ಪಡೆದವರು ಮತ್ತೆ ವಿಚಾರಿಸಬೇಕೇ? ಬೇಡ ಎಂಬುದೇ ಕ್ಷೇಮ. ಇಬ್ಬರ ಕೋಶಗಳೂ ಒಂದು ಕ್ಷಣ ಬೇರೆ ಬೇರೆ ಉತ್ತರ ಕೊಟ್ಟರೆ ಕರೆ ಇಬ್ಬರ ನಡುವೆ ಸುತ್ತುತ್ತಲೇ ಇರುತ್ತದೆ. ಒಮ್ಮೆ ಗುರುತು ಬಿದ್ದ ಕರೆಗೆ ಮರುವಿಚಾರಣೆ ಇಲ್ಲವೆಂದರೆ ಆ ಸುತ್ತು ತಪ್ಪುತ್ತದೆ. ವಿದೇಶದಿಂದ ಬರುವ ಕರೆಗೆ ಇಲ್ಲಿ ಹುಟ್ಟಿದ ಜಾಲವೇ ಇಲ್ಲವಲ್ಲ, ಅದರ ವಿಚಾರಣೆ ದೇಶದೊಳಕ್ಕೆ ಕರೆ ತರುವ ಅಂತರರಾಷ್ಟ್ರೀಯ ಸೇವಾದಾರರ ಪಾಲು. ದುಬೈನಿಂದ ಮಾಟುಂಗಾದ ಮನೆಯವರ ಮೊಬೈಲಿಗೆ ಬರುವ ಕರೆಯ ಹಿಂದೆಯೂ ಇಂಥದೊಂದು ಡಿಪ್ ಇರುತ್ತದೆ.

ಹಣದ ಲೆಕ್ಕ ಇನ್ನೂ ನಾಜೂಕು. ಪೋರ್ಟಿಂಗ್‌ಗೆ ಮುಂಚೆ ಮೊದಲ ನಾಲ್ಕು ಅಂಕೆ ನೋಡಿದರೆ ಕಂಪನಿ ಯಾವುದೆಂದು ತಿಳಿಯುತ್ತಿತ್ತು, ಬಿಲ್ಲನ್ನೂ ಹಾಗೇ ಮಾಡಬಹುದಿತ್ತು. ಆಮೇಲೆ ಪ್ರತಿ ಕರೆಯ ದಾಖಲೆಯಲ್ಲೂ ಅದು ನಿಜವಾಗಿ ಮುಗಿದ ಜಾಲವನ್ನು ಹಿಡಿಯಬೇಕಾಯಿತು. ಕರೆಯನ್ನು ಬರಮಾಡಿಕೊಂಡ ಕಂಪನಿಗೆ ಕಳಿಸಿದ ಕಂಪನಿ ನಿಮಿಷಕ್ಕೆ ಇಷ್ಟೆಂದು ಕೊಡಬೇಕಿತ್ತು: 2015ರ ಮಾರ್ಚ್‌ನಿಂದ 14 ಪೈಸೆ, 2017ರ ಅಕ್ಟೋಬರ್‌ನಿಂದ 6 ಪೈಸೆ. ಕೋಟ್ಯಂತರ ನಿಮಿಷಗಳಲ್ಲಿ ಈ ಪೈಸೆಗಳು ದೊಡ್ಡ ಮೊತ್ತವಾಗುತ್ತವೆ. ಆದ್ದರಿಂದ ಎರಡೂ ಕಡೆಯವರು ತಮ್ಮ ತಮ್ಮ ದಾಖಲೆ ತಂದು ತಾಳೆ ನೋಡುತ್ತಿದ್ದರು. ವ್ಯತ್ಯಾಸ ಬಂದರೆ ಕರೆಗಳನ್ನು ಒಂದೊಂದಾಗಿ ಕೆದಕಬೇಕು. 2021ರ ಜನವರಿ 1ರಿಂದ ದೇಶದೊಳಗಿನ ಮೊಬೈಲ್ ಕರೆಗಳಿಗೆ ಈ ಶುಲ್ಕ ಸೊನ್ನೆಯಾಯಿತು. ವಿದೇಶಿ ಕರೆಗಳಿಗೆ ಉಳಿದುಕೊಂಡಿತು.

ವಿಚಾರಣೆ ಸರಿಯಾದರೆ ಸಾಲದು, ದಾಟಲು ಜಾಗವೂ ಬೇಕು. ಅತಿ ದಟ್ಟಣೆಯ ವೇಳೆಯಲ್ಲೂ ಪಿಒಐಯಲ್ಲಿ ಇನ್ನೂರರಲ್ಲಿ ಒಂದಕ್ಕಿಂತ ಹೆಚ್ಚು ಕರೆ ಜಾಗವಿಲ್ಲದೆ ಬೀಳಬಾರದೆಂಬುದು ಟ್ರಾಯ್ ಮಾನದಂಡ. 2016ರಲ್ಲಿ ಜಿಯೋ ಸೇವೆ ಶುರುವಾದಾಗ ಹಳೆಯ ಕಂಪನಿಗಳು ಸಾಕಷ್ಟು ಸಂಪರ್ಕ ಕೊಡಲಿಲ್ಲವೆಂಬ ದೂರು ಎದ್ದು, ಟ್ರಾಯ್ ಅವುಗಳ ಮೇಲೆ ಒಟ್ಟು 3,050 ಕೋಟಿ ರೂಪಾಯಿ ದಂಡಕ್ಕೆ ಶಿಫಾರಸು ಮಾಡಿತು. 2018ರ ಅಂತರಸಂಪರ್ಕ ನಿಯಮಾವಳಿ ಬಂದ ಮೇಲೆ, ಒಂದು ಕಂಪನಿ ಕೋರಿದ 30 ದಿನಗಳೊಳಗೆ ಇನ್ನೊಂದು ತಾರತಮ್ಯವಿಲ್ಲದೆ ಒಪ್ಪಂದ ಮಾಡಿಕೊಳ್ಳಲೇಬೇಕು.

ಮುಂಬಯಿಯ ಕನ್ನಡಿಗರಿಗೆ ಹೆಚ್ಚು ಒದಗಿದ್ದು 2015ರ ಜುಲೈ 3ರಂದು ಜಾರಿಗೆ ಬಂದ ವಿಸ್ತರಣೆ. ಅಂದಿನಿಂದ ಒಂದು ಸರ್ಕಲ್‌ನ ನಂಬರನ್ನು ಇನ್ನೊಂದಕ್ಕೆ ಒಯ್ಯಬಹುದು. ಉಡುಪಿಯಿಂದ ಬಂದು ಕಲ್ಯಾಣದಲ್ಲಿ ನೆಲೆಸಿದವರು ಊರಿನ ನಂಬರನ್ನೇ ಮುಂಬಯಿ ಸರ್ಕಲ್‌ಗೆ ತರಬಹುದು. ಆಗ ಎರಡು ವಲಯಗಳ ಕೇಂದ್ರಗಳೂ ಪರಸ್ಪರ ದಾಖಲೆ ಹೊಂದಿಸಿಕೊಳ್ಳಬೇಕು. ಇಂಥ ಪೋರ್ಟಿಗೆ ಐದು ಕೆಲಸದ ದಿನಗಳ ಗಡುವು, ಒಂದೇ ಸರ್ಕಲ್‌ನೊಳಗಾದರೆ ಮೂರು. ಈ ಸೌಲಭ್ಯ ಮೊಬೈಲಿಗೆ ಮಾತ್ರ. ಹೋಟೆಲಿನ ಗಲ್ಲಾದ ಮೇಲಿರುವ 022 ಸ್ಥಿರ ದೂರವಾಣಿಯ ನಂಬರು ಕಂಪನಿ ಬದಲಿಸಿದರೆ ಜೊತೆಗೆ ಬರುವುದಿಲ್ಲ.

ಪೋರ್ಟ್ ಆದ ನಂಬರು ಗ್ರಾಹಕರಿಗೆ ಬೇಡವಾದರೆ ಅದು ಕೊನೆಯಲ್ಲಿ ಬಳಸಿದ ಕಂಪನಿಯಲ್ಲೇ ಉಳಿಯುವುದೂ ಇಲ್ಲ. ಆ ಸರಣಿಯನ್ನು ಸರಕಾರ ಮೊದಲು ಯಾರಿಗೆ ಕೊಟ್ಟಿತ್ತೋ ಅವರಿಗೆ ಮರಳಬೇಕು. ಆಗ ಕೇಂದ್ರ ಮತ್ತೊಮ್ಮೆ ಎಲ್ಲರಿಗೂ ಸಾರುತ್ತದೆ, ಎಲ್ಲರ ಕೋಶಗಳಿಂದಲೂ ಆ ನಮೂದು ಅಳಿಯುತ್ತದೆ.