ಕೆಲಸವೋ, ಕೆಲಸ ಕೊಟ್ಟವರೋ? – ಅಮೆರಿಕದ ವಿದ್ಯಾರ್ಥಿಸಾಲ ವಿಮೋಚನೆಯ ಒಂದು ನಿಬಂಧನೆ

ವಿದ್ಯಾಭ್ಯಾಸಕ್ಕಾಗಿ ಸಾಲ ಮಾಡಿದವನು ಹತ್ತು ವರ್ಷ ಲೋಕಸೇವೆಯಲ್ಲಿ ದುಡಿದು ಕಂತು ಸಲ್ಲಿಸಿದರೆ, ಉಳಿದ ಸಾಲವನ್ನು ಮನ್ನಾ ಮಾಡತಕ್ಕದ್ದೆಂದು ಅಮೆರಿಕ ಸಂಯುಕ್ತ ಸಂಸ್ಥಾನವು 2007ರಲ್ಲಿ ಕಾನೂನು ಮಾಡಿತು. ಹೊರನೋಟಕ್ಕೆ ಇದು ಸರಳವಾದ ಕರಾರು. ಆದರೆ ‘ಲೋಕಸೇವೆ’ಯೆಂದರೆ ಯಾವುದು ಎಂಬ ಪ್ರಶ್ನೆಯಲ್ಲಿ ಅದರ ತೊಡಕೆಲ್ಲ ಅಡಗಿದೆ. ಇಲ್ಲಿಂದ ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ ಈ ಸಾಲವೇ ದೊರೆಯದು. ಆದರೆ ಅಲ್ಲಿ ನೆಲೆಸಿದ ನಮ್ಮವರ ಮಕ್ಕಳು ಅಲ್ಲಿಯ ಪೌರರಾಗಿ ಇದನ್ನು ಪಡೆಯಬಲ್ಲರು. ಆದುದರಿಂದ ವಿಷಯ ನಮ್ಮ ವಾಚಕರಿಗೆ ತೀರ ದೂರದ್ದಲ್ಲ.

ಸಾಲವು ಸಂಯುಕ್ತ ಸರ್ಕಾರವೇ ಕೊಟ್ಟ ‘ಡೈರೆಕ್ಟ್ ಲೋನ್’ ಆಗಿರಬೇಕು. 2007ರ ಅಕ್ಟೋಬರ್ 1ರ ತರುವಾಯ 120 ತಿಂಗಳ ಕಂತುಗಳು ಸಂದಿರಬೇಕು. ಅವು ಎಡೆಬಿಡದೆ ಸಾಗಬೇಕೆಂಬ ನಿರ್ಬಂಧವಿಲ್ಲ. ಆ ಕಾಲದಲ್ಲೆಲ್ಲ ಸಾಲಗಾರನು ಅರ್ಹವಾದ ಸಂಸ್ಥೆಯಲ್ಲಿ ವಾರಕ್ಕೆ ಸರಾಸರಿ 30 ಗಂಟೆಯಾದರೂ ದುಡಿದಿರಬೇಕು.

ಈ ‘ಅರ್ಹ ಸಂಸ್ಥೆ’ ಎಂಬ ಮಾತೇ ಮುಖ್ಯವಾದುದು. ಕಾನೂನು ನೋಡುವುದು ಮಾಡುವ ಕೆಲಸವನ್ನಲ್ಲ, ಸಂಬಳ ಕೊಡುವವರನ್ನು. ಸಂಯುಕ್ತ ಸರ್ಕಾರ, ರಾಜ್ಯ ಸರ್ಕಾರ, ನಗರಸಭೆ, ಮೂಲನಿವಾಸಿ ಬುಡಕಟ್ಟುಗಳ ಆಡಳಿತ ಇವೆಲ್ಲವೂ ಅರ್ಹ. ವರಮಾನ ತೆರಿಗೆ ಶಾಸನದ 501(ಸಿ)(3) ವಿಧಿಯ ಮೇರೆಗೆ ತೆರಿಗೆಯ ವಿನಾಯಿತಿ ಪಡೆದ ಧರ್ಮಾರ್ಥ ಸಂಸ್ಥೆಗಳೂ ಅರ್ಹ. ಹೀಗಾಗಿ ನಗರಸಭೆಯ ಕಚೇರಿಯಲ್ಲಿ ಲೆಕ್ಕ ಬರೆಯುವವನಿಗೆ ವಿಮೋಚನೆಯುಂಟು. ಲಾಭಕ್ಕಾಗಿ ನಡೆಯುವ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ರೋಗಿಗಳ ಶುಶ್ರೂಷೆ ಮಾಡುವ ದಾದಿಗೆ ಇಲ್ಲ. ಅದೇ ದಾದಿ ರಸ್ತೆ ದಾಟಿ ಧರ್ಮಾರ್ಥ ಆಸ್ಪತ್ರೆಯನ್ನು ಸೇರಿದರೆ ಉಂಟು! (ಅಲ್ಲಿಯ ಕನ್ನಡ ಸಂಘವೊಂದಕ್ಕೆ ಈ ವಿಧಿಯ ಮನ್ನಣೆಯಿದ್ದು, ಪೂರ್ಣಾವಧಿಯ ನೌಕರನೊಬ್ಬನನ್ನು ಇಟ್ಟುಕೊಳ್ಳುವ ಶಕ್ತಿಯೂ ಇದ್ದರೆ, ಆ ಸಂಘವೂ ಅರ್ಹವೇ. ಸಂಘಗಳ ಹಣಕಾಸನ್ನು ಬಲ್ಲವರು ಇದನ್ನು ಓದಿ ನಕ್ಕಾರು.)

ಗುತ್ತಿಗೆಯ ತೊಡಕು ಬೇರೆ. ಸರ್ಕಾರದ ಕೆಲಸವನ್ನೇ ಮಾಡುತ್ತಿದ್ದರೂ ಸಂಬಳವು ಖಾಸಗಿ ಕಂಪೆನಿಯಿಂದ ಬಂದರೆ ಅದು ಸಾಲದು. ಕ್ಯಾಲಿಫೋರ್ನಿಯ, ಟೆಕ್ಸಾಸ್ ರಾಜ್ಯಗಳಲ್ಲಿ ಅನೇಕ ಧರ್ಮಾರ್ಥ ಆಸ್ಪತ್ರೆಗಳು ವೈದ್ಯರನ್ನು ನೇರವಾಗಿ ನೌಕರಿಗೆ ತೆಗೆದುಕೊಳ್ಳಲು ರಾಜ್ಯದ ಕಾನೂನೇ ಅಡ್ಡಿಯಾಗಿತ್ತು. ಅಂಥ ವೈದ್ಯರಿಗೆ 2023ರ ಜುಲೈಯಿಂದ ದಾರಿ ತೆರೆಯಿತು.

ಈ ಎರಡು ವರ್ಗಗಳ ಹೊರಗಿನ ಲಾಭರಹಿತ ಸಂಸ್ಥೆಗಳ ಸ್ಥಿತಿ ಇನ್ನೂ ಸೂಕ್ಷ್ಮ. ಸಾರ್ವಜನಿಕ ಆರೋಗ್ಯ, ಶಿಕ್ಷಣ, ಪುಸ್ತಕಾಲಯ, ಬಡವರಿಗೆ ಕಾನೂನಿನ ನೆರವು ಮೊದಲಾದ ಗೊತ್ತಾದ ಸೇವೆಗಳನ್ನು ಸಲ್ಲಿಸುವವು ಅರ್ಹವಾಗಬಹುದು. ಕಾರ್ಮಿಕ ಸಂಘಗಳೂ ಪಕ್ಷರಾಜಕೀಯದ ಸಂಸ್ಥೆಗಳೂ ಆಗವು. ಇಲ್ಲಿಯೇ ಒಂದು ವ್ಯಾಜ್ಯ ಹುಟ್ಟಿತು. ಇಂಥ ಸಂಸ್ಥೆಗಳಲ್ಲಿ ದುಡಿಯುತ್ತಿದ್ದ ಕೆಲವು ವಕೀಲರಿಗೆ, ನಿಮ್ಮ ನೌಕರಿ ಅರ್ಹವೆಂದು ಮೊದಲು ತಿಳಿಸಲಾಗಿತ್ತು. ವರ್ಷಗಳು ಕಳೆದ ಮೇಲೆ ಆ ಮಾತನ್ನು ಹಿಂದೆಗೆದುಕೊಂಡು, ಸಲ್ಲಿಸಿದ ಕಂತುಗಳನ್ನೂ ಲೆಕ್ಕದಿಂದ ಕಳೆಯಲಾಯಿತು. ಅವರಲ್ಲಿ ನಾಲ್ವರೂ ಅಮೆರಿಕನ್ ಬಾರ್ ಅಸೋಸಿಯೇಷನ್ನೂ 2016ರಲ್ಲಿ ಶಿಕ್ಷಣ ಇಲಾಖೆಯ ಮೇಲೆ ದಾವೆ ಹೂಡಿದರು. ಇಲಾಖೆಯು ಕಾರಣ ಹೇಳದೆ ಅಳತೆಗೋಲನ್ನೇ ಬದಲಾಯಿಸಿತೆಂದು ವಾಷಿಂಗ್ಟನ್ನಿನ ನ್ಯಾಯಾಲಯವು 2019ರಲ್ಲಿ ತೀರ್ಪಿತ್ತು, ಮೂವರ ಪಕ್ಷವನ್ನು ಎತ್ತಿಹಿಡಿಯಿತು.

2017ರಲ್ಲಿ ಹತ್ತು ವರ್ಷ ತುಂಬಿದಾಗ ಬಂದ ಮೊದಮೊದಲ ಅರ್ಜಿಗಳಲ್ಲಿ ಬಹುತೇಕ ಎಲ್ಲವೂ ತಿರಸ್ಕೃತವಾದುವು. 2021ರ ಅಕ್ಟೋಬರಿನಿಂದ ಒಂದು ವರ್ಷದ ಮಟ್ಟಿಗೆ ಸಾಲದ ಬಗೆ, ಕಂತಿನ ಕ್ರಮ ಇವುಗಳ ನಿಯಮಗಳನ್ನು ಸಡಿಲಿಸಿದರು. ಸಂಸ್ಥೆಯ ಅರ್ಹತೆಯನ್ನು ಮಾತ್ರ ಆಗಲೂ ಸಡಿಲಿಸಲಿಲ್ಲ. ಆದಕಾರಣ ಸಾಲಗಾರನು ಸಂಬಳದ ತೆರಿಗೆಪತ್ರದಲ್ಲಿರುವ ಸಂಸ್ಥೆಯ ಗುರುತುಸಂಖ್ಯೆಯನ್ನು ಸರ್ಕಾರದ ಪಟ್ಟಿಯಲ್ಲಿ ಹುಡುಕಿ, ವರ್ಷಕ್ಕೊಮ್ಮೆ ನೌಕರಿಯ ದೃಢೀಕರಣ ಪಡೆದಿಡುವುದು ಲೇಸು.

2025ರ ಅಕ್ಟೋಬರಿನಲ್ಲಿ ಇಲಾಖೆಯು ಮತ್ತೊಂದು ನಿಯಮವನ್ನು ಪ್ರಕಟಿಸಿ, 2026ರ ಜುಲೈ 1ನ್ನು ಅದರ ಜಾರಿದಿನವಾಗಿ ಗೊತ್ತುಮಾಡಿತು. ಸಂಸ್ಥೆಯೊಂದಕ್ಕೆ ಗಣನೀಯವಾದ ಕಾನೂನುಬಾಹಿರ ಉದ್ದೇಶವಿದೆಯೆಂದು ಇಲಾಖೆಗೆ ಕಂಡರೆ ಅದರ ಅರ್ಹತೆಯನ್ನು ರದ್ದುಮಾಡಬಹುದೆಂಬುದು ಅದರ ಸಾರ. ಈ ಮಾತಿನ ವ್ಯಾಪ್ತಿ ಎಲ್ಲಿಯವರೆಗೆ ಹರಿದೀತೆಂದು ಶಂಕಿಸಿ ಹಲವು ರಾಜ್ಯಗಳೂ ನಗರಗಳೂ ನ್ಯಾಯಾಲಯದ ಮೆಟ್ಟಿಲೇರಿದುವು. ಈ ಶಂಕೆ ನಿರಾಧಾರವೆಂದು ನನಗೆ ತೋರುವುದಿಲ್ಲ. ನಿಯಮದಂತೆ, ರದ್ದಾಗುವುದಕ್ಕೆ ಮುಂಚಿನ ಕಂತುಗಳು ಉಳಿಯುತ್ತವೆ. ಮುಂದಿನವು ಎಣಿಕೆಗೆ ಬಾರವು. ಏಳು ವರ್ಷ ಕಂತು ಕಟ್ಟಿದ ಗುಮಾಸ್ತನು, ತಾನು ಯಾವ ತಪ್ಪನ್ನೂ ಮಾಡದೆ, ಉಳಿದ ಮೂರು ವರ್ಷಗಳಿಗಾಗಿ ಬೇರೊಂದು ಅರ್ಹ ಸಂಸ್ಥೆಯನ್ನು ಅರಸಿ ಹೊರಡಬೇಕಾಗುತ್ತದೆ.